ಒಂದಕ್ಕೆ ಅರವತ್ತು

ಹಲಗೆಯ ಮೇಲೆ ಬೂದು ಕುದುರೆಗೆ ಬರೆದಿದ್ದ ಬಾಜಿಯ ದರವನ್ನು ಅಳಿಸಲು ಓನಾ ಕೈ ಎತ್ತಿದಾಗ ಅವಳ ಅಪ್ಪ, ಬುಕ್ಕಿ ಮಲಕಿ, ಆ ಕೈಯನ್ನು ಹಿಡಿದುಕೊಂಡ. ಎದುರಿಗೆ ಇಪ್ಪತ್ತು ಯೂರೋ ಚಾಚಿಕೊಂಡು ಮುದುಕಿ ಡಿಂಪ್ನಾ ನಿಂತಿದ್ದಳು. ಫೇರಿಹೌಸ್ ರೇಸ್ ಮೈದಾನದಲ್ಲಿ ಈಸ್ಟರ್ ಸೋಮವಾರದ, ಬೇಲಿ ಹಾರುವ ದೊಡ್ಡ ಕುದುರೆ ಓಟಕ್ಕೆ ಐದೇ ನಿಮಿಷ ಉಳಿದಿತ್ತು.

"ಎಲ್ಲರೂ ಫೇವರಿಟ್ ಮೇಲೆ ಕಟ್ತಿದ್ದಾರೆ, ನೀವ್ಯಾಕಮ್ಮ ಆ ಬೂದು ಕುದುರೆ ಮೇಲೆ?" ಎಂದು ಅವನೇ ಕೇಳಿದ್ದ. "ನಿಮ್ಮ ಫೇವರಿಟ್ ಗೆದ್ದಿದ್ದೆಲ್ಲ ಗಟ್ಟಿ ನೆಲದಲ್ಲಿ ಕಣಪ್ಪ. ಇದರ ಗೊರಸು ನೋಡು, ತಟ್ಟೆ ಇದ್ದ ಹಾಗಿದೆ. ಈ ಕೆಸರಲ್ಲಿ ಹೂತುಕೊಳ್ಳಲ್ಲ," ಎಂದಿದ್ದಳು, ಮೂವತ್ತು ವರ್ಷ ಲಾಯದಲ್ಲಿ ದುಡಿದಿದ್ದ ಆ ಮುದುಕಿ. ಮಾತು ನಿಜವೆಂದು ಅಪ್ಪ ಮಗಳಿಬ್ಬರಿಗೂ ಆಗಲೇ ಹೊಳೆದಿತ್ತು.

"ದರ ಹತ್ತಕ್ಕೆ ಇಳಿಸಪ್ಪ, ಚೀಟಿ ಇನ್ನೂ ಬರೆದಿಲ್ಲ," ಎಂದಳು ಓನಾ. "ಅರವತ್ತು ಅಂತ ಬಾಯಲ್ಲಿ ಹೇಳಿ ಆಗಿದೆ," ಎನ್ನುತ್ತ ಮಲಕಿ ಒಂದಕ್ಕೆ ಅರವತ್ತರಂತೆಯೇ ಚೀಟಿ ಬರೆದುಕೊಟ್ಟ.

ಕೊನೆಯ ಬೇಲಿ ಹಾರಿದ ಮೇಲೆ ಫೇವರಿಟ್‌ನ ಕಾಲು ಕೆಸರಿನಲ್ಲಿ ಭಾರವಾಯಿತು. ಬೂದು ಕುದುರೆ ಅದನ್ನು ದಾಟಿ ಒಂದು ಕತ್ತಿನಷ್ಟು ಅಂತರದಲ್ಲಿ ಗೆದ್ದಿತು. ಸಾವಿರದ ಇನ್ನೂರರ ಜೊತೆ ಡಿಂಪ್ನಾಳ ಇಪ್ಪತ್ತನ್ನೂ ಕೊಡುವಷ್ಟರಲ್ಲಿ, ಫೇವರಿಟ್ ಮೇಲೆ ಬಂದಿದ್ದ ಹಣವೂ ಸೇರಿ, ಮಲಕಿಯ ಚೀಲ ಹೆಚ್ಚುಕಡಿಮೆ ಬರಿದಾಗಿತ್ತು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಮುಂದಿನ ಓಟಕ್ಕೆ ಯಾವ ಕುದುರೆ ದರ ಇಳಿಸಲಿ, ನೀವೇ ಹೇಳಿಬಿಡಿ ಅಮ್ಮ."