ಬೆಟ್ಟದ ಮೇಲೆ ಉಳಿದ ಐದು ಮತ

"ಸುಮಿಮಾಸೆನ್, ಕ್ಷಮಿಸಿ, ಒಂದೇ ನಿಮಿಷ," ಎನ್ನುತ್ತ ಜ್ಯೋತ್ಸ್ನಾ ಬಸ್ಸಿನ ಬಾಗಿಲಿಗೇ ಅಡ್ಡ ನಿಂತಳು. ಚಾಲಕ ನಯವಾಗಿ ತಲೆಬಾಗಿದ, ಗಡಿಯಾರ ತೋರಿಸಿದ, ಬಾಗಿಲು ಹಾಕಿಕೊಂಡು ಹೊರಟೇಬಿಟ್ಟ. ಬೆಟ್ಟದಿಂದ ಕ್ಯೋಟೋಗೆ ಇಳಿಯುವ ಕೊನೆಯ ಬಸ್ಸು ಅದು. ಹಿಮ ಬಿದ್ದ ಆ ದಾರಿಗೆ ಬರಲು ಟ್ಯಾಕ್ಸಿಯವರು ಯಾರೂ ಒಪ್ಪುವಂತಿರಲಿಲ್ಲ.

ಬಸ್ಸು ತಿರುವು ದಾಟಿದ ಮೇಲೆ ಗಿಲ್ಬರ್ಟ್ ಹಾಸ್ಕಿನ್ ಸಾವಕಾಶವಾಗಿ ಹೊರಗೆ ಬಂದರು. ಬಿಸಿನೀರ ಬುಗ್ಗೆಯಲ್ಲಿ ಮಿಂದು ಕೆಂಪಗಾಗಿದ್ದರು. ಬ್ರಿಟನ್ನಿನ ಮೂಲೆಯ ಕುರಿ ಸಾಕುವ ಹಳ್ಳಿಗಳಿಂದ ಪಾರ್ಲಿಮೆಂಟಿಗೆ ಗೆದ್ದುಬಂದ ಮನುಷ್ಯ. ಎರಡು ಸಾವಿರದ ಇಸವಿ ಹುಟ್ಟಿದೊಡನೆ ಕಂಪ್ಯೂಟರೆಲ್ಲ ಕೆಡುತ್ತವೆ ಎಂದು ಹೆದರಿಸಿದ್ದ ವೈಟುಕೆ ಗುಮ್ಮ ಬಾರದೇ ಹೋದ ಆ ಚಳಿಗಾಲದಲ್ಲಿ ಅವರೂ ಸೇರಿ ಐವರು ಸದಸ್ಯರು ಜಪಾನು ನೋಡಲು ಬಂದಿದ್ದರು. ಕ್ಯೋಟೋದಲ್ಲಿ ಪಾಚಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಜ್ಯೋತ್ಸ್ನಾ ಅವರಿಗೆ ದುಭಾಷಿ. ಬುಗ್ಗೆಗೆ ಹೋಗಲೇಬೇಕೆಂದು ಹಠ ಹಿಡಿದವರು ಹಾಸ್ಕಿನ್.

ರೈಲಿನಲ್ಲಿ ಅವರು ಅವಳಿಗೆ ಎಲ್ಲ ಹೇಳಿಕೊಂಡಿದ್ದರು. ಅವರ ಹಳ್ಳಿಗಳಿಗೆಲ್ಲ ಇರುವುದು ಒಂದೇ ಆಸ್ಪತ್ರೆ. ಅದನ್ನು ಮುಚ್ಚುವ ಮಸೂದೆ ನಾಳೆ ಮಧ್ಯಾಹ್ನ ಮತಕ್ಕೆ ಬರುತ್ತದೆ. "ಬಾಯಿ ಮುಚ್ಚಿಕೊಂಡು ಹೂಂ ಅನ್ನು, ಇಲ್ಲದಿದ್ದರೆ ಮುಂದಿನ ಸಲ ಟಿಕೆಟ್ ಇಲ್ಲ ಅಂದರು ನಮ್ಮ ಪಕ್ಷದವರು. ಇಟ್ಟುಕೊಳ್ಳಿ ನಿಮ್ಮ ಟಿಕೆಟ್ ಅಂದೆ."

ಆ ಮಾತಿಗೆ ಅವಳು ಮನಸೋತಿದ್ದಳು. ಈಗ ಮೈಯೆಲ್ಲ ಉರಿಯಿತು. ಬಸ್ಸು ತಪ್ಪಿದರೆ ರಾತ್ರಿಯ ವಿಮಾನ ತಪ್ಪಿದಂತೆ, ವಿಮಾನ ತಪ್ಪಿದರೆ ಮತದಾನ ತಪ್ಪಿದಂತೆ. ಗಂಡಸರ ಸ್ನಾನದ ಕಡೆ ಅವಳು ಕಾಲಿಡುವಂತಿಲ್ಲ. ಅದಕ್ಕೇ ಎಲ್ಲರನ್ನೂ ಎಬ್ಬಿಸಿಕೊಂಡು ಬನ್ನಿ ಎಂದು ಹಾಸ್ಕಿನ್‌ಗೆ ಹೇಳಿ ಹೇಳಿ ಕಳಿಸಿದ್ದಳು.

"ಉಳಿದ ನಾಲ್ವರೆಲ್ಲಿ ಸರ್?"

"ನೀರಲ್ಲೇ ಇದ್ದಾರೆ. ಇನ್ನೊಂದು ಬಸ್ಸಿದೆ ಅಂದೆ."

"ಇಲ್ಲ ಅಂತ ಹೇಳಿದ್ದೆನಲ್ಲ."

"ಹೌದೇ? ವಯಸ್ಸಾಯಿತು ನೋಡಿ."

"ಹಳ್ಳಿಯವರು ನಿಮ್ಮನ್ನ ನಂಬಿ ಕಳಿಸಿದ್ದು ಇದಕ್ಕಾ? ಐದು ವೋಟು ಇಲ್ಲೇ ವೇಸ್ಟ್ ಆಯ್ತು. ನಾಚಿಕೆ ಆಗಲ್ವಾ ಸರ್?"

ಹಾಸ್ಕಿನ್ ತಲೆ ತಗ್ಗಿಸಲಿಲ್ಲ. "ಹೀಗೆ ಮುಖಕ್ಕೆ ಹೇಳುವವರು ನಮ್ಮ ಸದನದಲ್ಲಿ ಕಡಿಮೆ," ಎಂದರು. ನಾಲ್ವರಿಗೂ ಇನ್ನಷ್ಟು ಸಾಕೆ, ಆ ಅಕ್ಕಿಯ ಮದ್ಯ, ಕಳಿಸಲು ಹೇಳಿ ಒಳಗೆ ಹೋದರು.

ಮತದಾನದ ಮರುದಿನ ಬೆಳಗ್ಗೆ ಕ್ಯೋಟೋದ ಹೋಟೆಲಿಗೆ ಹೃಷಿಕೇಶನ ಫೋನು ಬಂತು. ಅವನು ಜ್ಯೋತ್ಸ್ನಾಳ ಲ್ಯಾಬಿನವನು, ಇಂಟರ್ನೆಟ್‌ನಲ್ಲಿ ಸುದ್ದಿ ಓದಿದ್ದ.

"ನಿಮ್ಮ ಹಾಸ್ಕಿನ್ ತಾತ ಬೇಡ ಅಂತಿದ್ದ ಬಿಲ್ ಬಿದ್ದೋಯ್ತು ಕಣೇ. ಜಸ್ಟ್ ಎರಡು ವೋಟಲ್ಲಿ. ಆಸ್ಪತ್ರೆ ಸೇಫ್."

ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು, ಆದರೂ ಸಿಟ್ಟು ಇಳಿಯಲಿಲ್ಲ. ಹಾಸ್ಕಿನ್ ಒಬ್ಬರೇ ಕೂತು ತಿಂಡಿ ತಿನ್ನುತ್ತಿದ್ದರು. ಆಚೆ ಮೇಜಿನ ನಾಲ್ವರು ಅವರ ಮುಖವನ್ನೂ ನೋಡುತ್ತಿರಲಿಲ್ಲ.

"ನಿಮ್ಮ ಅದೃಷ್ಟ ಸರ್. ವಿರುದ್ಧ ಬೀಳಬೇಕಾಗಿದ್ದ ಐದು ವೋಟು ಬೀಳದೆಯೂ ಬಿಲ್ ಸೋತಿದೆ."

"ಐದಲ್ಲ, ಜ್ಯೋತ್ಸ್ನಾ ಸಾನ್. ವಿರುದ್ಧ ಇದ್ದದ್ದು ನನ್ನದೊಂದೇ," ಎಂದರು ಹಾಸ್ಕಿನ್. "ಆ ನಾಲ್ವರೂ ಹೊರಟಿದ್ದು ಆಸ್ಪತ್ರೆ ಮುಚ್ಚಿಸಲಿಕ್ಕೆ."