ಮೂಲೆಯ ಟವೆಲ್

ಬಾಕ್ಸಿಂಗ್‌ನ ಐದು ಚಿನ್ನದ ಪದಕಗಳಿಗೆ ಸೆಲಿನಾಳ ಗಂಡ ತೆತ್ತ ಬೆಲೆ ಮೂಗಿನ ಮೂಳೆ, ಎಡಗಣ್ಣು, ಕೊನೆಗೆ ಮಾತು. ಈಗ ಗಂಜಿ ಕುಡಿಸಿದರೆ ಅರ್ಧ ಎದೆಯ ಮೇಲೇ ಸುರಿಯುತ್ತಿತ್ತು. ಅವನ ಎದುರಾಳಿ ಅರುಳಪ್ಪ ಗೆದ್ದದ್ದು ಮೂರೇ ಪದಕ. ಏಟು ಮಿತಿಮೀರಿದಾಗ ರಿಂಗಿಗೆ ಟವೆಲ್ ಎಸೆಯಲು ಹೇಳಿ ಸೋಲೊಪ್ಪಿಕೊಂಡವನು. ಈಗಲೂ ತನ್ನ ಕೈಯಾರೆ ಉಣ್ಣುತ್ತಿದ್ದ. ಅದನ್ನು ನೋಡಿಯೇ ಸೆಲಿನಾ ಮಗನನ್ನು ಅವನ ತರಬೇತಿಗೆ ಬಿಟ್ಟಿದ್ದಳು.

ಫೈನಲ್‌ನಲ್ಲಿ ಮಗನ ಹುಬ್ಬು ಒಡೆದು ರಕ್ತ ಇಳಿಯುತ್ತಿತ್ತು. ಹಿಂದಿನ ಸಾಲಿನವರು ಕಡಲೆಕಾಯಿ ಮೆಲ್ಲುತ್ತ ಅಳೆದು ತೂಗುತ್ತಿದ್ದರು.

"ಇವರಪ್ಪ ಹುಲಿ ಕಣಯ್ಯಾ! ಸತ್ರೂ ಟವೆಲ್ ಎಸೀತಿರ್ಲಿಲ್ಲ."

"ಅರುಳಪ್ಪ ಅವನ ಕಾಲ್ಧೂಳಿಗೂ ಸಮ ಇಲ್ಲ ಬಿಡು, ಹೇಡಿ. ಲೋ ಅರುಳಪ್ಪಾ, ಇವತ್ತೂ ಎಸೀತೀಯೇನೋ?"

ಸೆಲಿನಾ ಎದ್ದು ನಿಂತಳು. ಇನ್ನೊಂದು ಏಟಿಗೆ ಮಗನ ಮೊಣಕಾಲು ಕುಸಿಯಿತು. ಮೂಲೆಯಲ್ಲಿ ಟವೆಲ್ ಹಿಡಿದು ನಿಂತಿದ್ದ ಅರುಳಪ್ಪನ ಕೈ ಮಾತ್ರ ಮೇಲೇಳಲಿಲ್ಲ. ಅವಳು ಅಲ್ಲಿಗೇ ಓಡಿದಳು.

"ಅಣ್ಣಾ, ಎಸೀರಿ!"

"ಇದೊಂದ್ಸಲ ಬೇಡ ತಂಗೀ. ಮತ್ತೆ ಹೇಡಿ ಅಂತಾರೆ."

ಅವಳು ಟವೆಲ್ ಕಿತ್ತುಕೊಂಡು ರಿಂಗಿಗೆ ಎಸೆದಳು.

ಮಗ ಚಿನ್ನದ ಪದಕ ಕಳೆದುಕೊಂಡ; ದಾರಿಯುದ್ದಕ್ಕೂ ಅಮ್ಮನನ್ನು ಬೈಯುತ್ತ ತನ್ನ ಕಾಲ ಮೇಲೆ ಮನೆಗೆ ನಡೆದ.