ಗುರವ್ವನ ರೊಟ್ಟಿ ಎಷ್ಟು ದಿನ ಇರುತ್ತದೆ?

ಗದಗಿನ ಒಂದು ಗಲ್ಲಿಯಲ್ಲಿ ಅಕ್ಕಪಕ್ಕ ಎರಡು ರೊಟ್ಟಿ ಅಂಗಡಿ...

ಒಂದು ಗುರವ್ವನದು, ಇನ್ನೊಂದು ಶಶಿಕಲಾಳದು. ಶಶಿಕಲಾ ರೊಟ್ಟಿ ಬಡಿಯಲು ಕಲಿತದ್ದೇ ಗುರವ್ವನ ಒಲೆಯ ಮುಂದೆ ಕೂತು. ಆಮೇಲೆ ಬೇರೆಯಾಗಿ, ಪಕ್ಕದಲ್ಲೇ ಬೋರ್ಡು ಹಾಕಿದಳು.

ಅದನ್ನಾದರೂ ಗುರವ್ವ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದೆ ಹೋದದ್ದು ಶಶಿಕಲಾಳ ಫೋನು.

ಆ ಫೋನಿನಲ್ಲಿ ಅವಳು ಎಐ ಅಂತ ಒಂದನ್ನು ಕೂರಿಸಿದ್ದಳು. ಗಿರಾಕಿಗಳು ವಾಟ್ಸಾಪ್‌ನಲ್ಲಿ ಏನೇ ಕೇಳಲಿ, ಇವಳು ಹಿಟ್ಟು ನಾದುತ್ತಿದ್ದರೂ ಅದು ತಾನಾಗಿ ಉತ್ತರ ಕೊಡುತ್ತಿತ್ತು. ಮರಾಠಿಯಲ್ಲಿ ಕೇಳಿದರೆ ಮರಾಠಿಯಲ್ಲೇ ಹೇಳುತ್ತಿತ್ತು. ಯಾವ ವಾರ ಎಷ್ಟು ಜೋಳ ತರಬೇಕು ಅನ್ನುವುದನ್ನೂ ಅದೇ ಲೆಕ್ಕ ಹಾಕುತ್ತಿತ್ತಂತೆ...

ಪುಣೆಗೆ ಪಾರ್ಸೆಲ್, ಸೊಲ್ಲಾಪುರಕ್ಕೆ ಪಾರ್ಸೆಲ್... ಪಕ್ಕದ ಅಂಗಡಿ ಮುಂದೆ ಆಟೋ ಬಂದು ನಿಂತಾಗಲೆಲ್ಲ ಗುರವ್ವನ ಹೊಟ್ಟೆ ಧಗಧಗ ಉರಿಯುತ್ತಿತ್ತು.

ಶಶಿಕಲಾ ನಕ್ಕರೆ ತನ್ನನ್ನು ಅಣಕಿಸಿದ ಹಾಗೆ. ನಗದಿದ್ದರೆ ಜಂಬ. ಊಟ ಆಯ್ತಾ ಅಂತ ಕೇಳಿದರೆ, ತನ್ನ ವ್ಯಾಪಾರ ಎಷ್ಟಾಯಿತೆಂದು ತಿಳಿಯುವ ಹುನ್ನಾರ.

ಇತ್ತ ಗುರವ್ವನ ಎರಡು ಒಲೆಗಳಲ್ಲಿ ಒಂದು ತಣ್ಣಗಾಗಿ ಬಹಳ ದಿನವಾಗಿತ್ತು. ಯುಗಾದಿಯವರೆಗೆ ನೋಡುತ್ತೇನೆ, ಆಮೇಲೆ ಅಂಗಡಿ ಮುಚ್ಚುತ್ತೇನೆ ಎಂದು ಜೊತೆಗೆ ರೊಟ್ಟಿ ಬಡಿಯುವ ಇಬ್ಬರು ಹೆಂಗಸರಿಗೆ ಹೇಳಿಯೂ ಆಗಿತ್ತು. ಆ ಇಬ್ಬರ ಮನೆ ನಡೆಯುತ್ತಿದ್ದದ್ದು ಈ ಕೆಲಸದಿಂದಲೇ.

ಕೊನೆಗೆ ಸೊಸೆಗೆ ದುಂಬಾಲು ಬಿದ್ದು ತಾನೂ ಎಐ ಹಾಕಿಸಿಕೊಂಡಳು. ಆಸೆಯಿಂದಲ್ಲ... ಬರೀ ಹೊಟ್ಟೆಕಿಚ್ಚಿನಿಂದ.

ಗಿರಾಕಿಗಳಿಗೆ ಏನು ಹೇಳಬೇಕೆಂದು ತಿಳಿಯಲು ಅದು ಮೊದಲು ಅವಳನ್ನೇ ಪ್ರಶ್ನೆ ಕೇಳತೊಡಗಿತು. ನಿಮ್ಮ ರೊಟ್ಟಿ ಎಷ್ಟು ದಿನ ಇರುತ್ತದೆ? ಅದರ ವಿಶೇಷವೇನು?

ಗುರವ್ವ ಫೋನನ್ನು ಸೊಸೆಯತ್ತ ತಳ್ಳಿದಳು. ಅವಳ ಖಡಕ್ ರೊಟ್ಟಿ ಎರಡು ತಿಂಗಳಿಟ್ಟರೂ ಮೆತ್ತಗಾಗುತ್ತಿರಲಿಲ್ಲ. ಬೇಯಿಸಿದ ರೊಟ್ಟಿಯನ್ನು ಮರುದಿನ ಬೂದಿ ಮುಚ್ಚಿದ ಕೆಂಡದ ಪಕ್ಕ ನಿಲ್ಲಿಸಿ, ಮತ್ತೊಮ್ಮೆ ನಿಧಾನಕ್ಕೆ ಕಾಯಿಸುತ್ತಿದ್ದಳು. ಅದು ಅವಳ ಗುಟ್ಟು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಆಕಿ ಫೋನಿನ್ಯಾಗೂ ಇದ ಐತಿ, ನಮ್ಮ ಫೋನಿನ್ಯಾಗೂ ಇದ ಐತಿ," ಅಂದಳು ಸೊಸೆಗೆ. "ನಾ ಇಲ್ಲಿ ಹೇಳಿದ್ದನ್ನ ಅಲ್ಲಿ ಹೋಗಿ ಒದರೂದಿಲ್ಲ ಅಂತ ಏನ್ ಗ್ಯಾರಂಟಿ?"

ಅದು ಹಾಗಲ್ಲ, ಆ ಅಂಗಡಿಯದು ಬೇರೆ, ನಮ್ಮದು ಬೇರೆ ಎಂದು ಸೊಸೆ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ರೊಟ್ಟಿ ಎಂಟು ದಿನ ಇರುತ್ತದೆ, ವಿಶೇಷವೇನೂ ಇಲ್ಲ ಅಂತ ಬರೆಸಿದಳು. ಶಶಿಕಲಾಗೆ ಏನೂ ಸಿಗದ ಹಾಗೆ ಮಾಡಿದೆ ಎಂದು ಒಳಗೊಳಗೇ ಹಿಗ್ಗಿದಳು.

ಮೆಸೇಜುಗಳೇನೋ ಬಂದವು... ಆದರೆ ಕೇಳಿದವರೆಲ್ಲ ಎಂಟು ದಿನ ಎಂಬ ಉತ್ತರ ಓದಿ ಸುಮ್ಮನಾದರು. ಎಐ ಅಂದರೆ ಬರೀ ಬುರುಡೆ ಎಂದು ಗುರವ್ವ ಸೊಸೆಯನ್ನೇ ಬೈದಳು.

ಒಂದು ಮಧ್ಯಾಹ್ನ ಒಬ್ಬ ಹಿರಿಯರು ಅಂಗಡಿಗೆ ಬಂದರು. ಗುಂಪು ಕಟ್ಟಿಕೊಂಡು ಜನರನ್ನು ಕಾಶಿ, ಕೇದಾರಕ್ಕೆ ಕರೆದೊಯ್ಯುವವರು. ಪ್ರತಿ ಯಾತ್ರೆಗೂ ಮೂಟೆಗಟ್ಟಲೆ ರೊಟ್ಟಿ ಬೇಕು ಅಂದರು. ಆದರೆ ಅವರಿಗೊಂದು ಗೊಂದಲವಿತ್ತು.

"ನಿಮ್ಮ ಫೋನು ಎಂಟ ದಿನ ಅಂತೈತಿ. ಬಾಜೂ ಅಂಗಡಿ ಫೋನು ನಿಮ್ಮ ರೊಟ್ಟಿ ಎರಡ ತಿಂಗಳ ಇರ್ತಾವ ಅಂತೈತಿ. ಯಾರ ಮಾತು ನಂಬ್ಲಿರಿ, ಅಕ್ಕಾರ?"

ಗುರವ್ವ ಅವರ ಫೋನು ಇಸಿದುಕೊಂಡಳು. ಶಶಿಕಲಾಳ ಎಐ ಹೀಗೆ ಬರೆದಿತ್ತು...

"ನಮ್ಮ ರೊಟ್ಟಿ ಹದಿನೈದು ದಿನ ಚೆನ್ನಾಗಿರುತ್ತದೆ. ದೂರದ ಯಾತ್ರೆಗಾದರೆ ಪಕ್ಕದ ಗುರವ್ವನವರಲ್ಲಿ ತೆಗೆದುಕೊಳ್ಳಿ. ಅವರ ಖಡಕ್ ರೊಟ್ಟಿ ಎರಡು ತಿಂಗಳು ಕೆಡುವುದಿಲ್ಲ. ನಮಗೆ ರೊಟ್ಟಿ ಕಲಿಸಿದವರೂ ಅವರೇ."

ಗುರವ್ವನಿಗೆ ನೆಲ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ತನ್ನ ಫೋನಿಗೆ ತಾನೇ ಸುಳ್ಳು ಹೇಳಿಕೊಟ್ಟಿದ್ದಳು. ತನ್ನ ರೊಟ್ಟಿಯ ನಿಜ ಪಕ್ಕದವಳ ಫೋನಿನಲ್ಲಿತ್ತು.

ಎರಡು ತಿಂಗಳೇ ಸರಿ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಆರ್ಡರು ಗಟ್ಟಿಯಾಯಿತು. ನಾಳೆಯಿಂದ ಎರಡೂ ಒಲೆ ಹಚ್ಚಬೇಕು ಎಂದು ಆ ಹೆಂಗಸರಿಗೆ ಹೇಳಿ, ಸೀದಾ ಪಕ್ಕದ ಅಂಗಡಿಯ ಬಾಗಿಲಿಗೆ ಹೋಗಿ ನಿಂತಳು.

ಅಲ್ಲೂ ಹೊಟ್ಟೆಕಿಚ್ಚು ಬಿಡಲಿಲ್ಲ ನೋಡಿ... ಶಶಿಕಲಾ ಇಷ್ಟು ಒಳ್ಳೆಯವಳಾಗಿರುವುದಕ್ಕೂ ಅವಳಿಗೆ ಹೊಟ್ಟೆ ಉರಿಯಿತು.

"ಯಾಕ ಹಂಗ ಹೇಳಿಕೊಟ್ಟಿ ಅದಕ್ಕ?" ಅಂತ ಜಗಳಕ್ಕೆ ಬಂದವಳ ಹಾಗೆ ಕೇಳಿದಳು.

"ನಮ್ಮಲ್ಲಿ ಇಲ್ಲದ್ದನ್ನ ಯಾರರ ಕೇಳಿದ್ರ ಏನ್ ಹೇಳ್ಲಿ ಅಂತ ಅದು ನನ್ನ ಕೇಳಿತ್ರಿ ಅಕ್ಕಾ. ಇದ್ದದ್ದು ಇದ್ದಂಗ ಹೇಳು ಅಂದೆ."

ಗುರವ್ವ ಹೊಸ್ತಿಲು ದಾಟಿ ಒಳಗೆ ಬಂದಳು. ತನ್ನ ರೊಟ್ಟಿ ಅಷ್ಟು ದಿನ ಇರುವುದಕ್ಕೆ ಒಂದು ಗುಟ್ಟಿದೆ, ಅದನ್ನು ನಿನಗೆ ಕಲಿಸಿಕೊಡುತ್ತೇನೆ ಅಂದಳು.

ಶಶಿಕಲಾ ತಲೆ ತಗ್ಗಿಸಿದಳು.

"ಕೆಂಡದ ಬಾಜೂ ನಿಲ್ಲಸೂದಲ್ರಿ? ನಿಮ್ಮಲ್ಲಿದ್ದಾಗ ದಿನಾ ನೋಡೀನಿ. ಅದು ನಿಮ್ಮ ಅನ್ನ, ಅಕ್ಕಾ... ಅದಕ್ಕ ನಾ ಅದನ್ನ ಮುಟ್ಟಿಲ್ಲ."

ಗುರವ್ವ ಅಲ್ಲೇ ಹಿಟ್ಟಿನ ಚೀಲದ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಇಷ್ಟು ದಿನ ಯಾರಿಂದ ಬಚ್ಚಿಟ್ಟಿದ್ದಳೋ, ಅವಳೇ ಅದನ್ನು ತನಗಾಗಿ ಕಾಯ್ದಿಟ್ಟಿದ್ದಳು.

ಸಂಜೆ ಸೊಸೆಯನ್ನು ಕೂರಿಸಿಕೊಂಡು ಎಲ್ಲವನ್ನೂ ತಿದ್ದಿ ಬರೆಸಿದಳು. ಎರಡು ತಿಂಗಳು ಅಂತ ಬರೆಸಿದಳು. ತನ್ನಲ್ಲಿ ಸಿಗದ ಬಿಸಿ ರೊಟ್ಟಿ, ಪಲ್ಯ ಕೇಳಿದವರಿಗೆ ಪಕ್ಕದ ಶಶಿಕಲಾಳ ಅಂಗಡಿಗೆ ಹೋಗಿರಿ ಅಂತ ಹೇಳಬೇಕು ಎಂದೂ ಬರೆಸಿದಳು.

ಎಐಗೆ ನಾವು ಹೇಳಿದ್ದಷ್ಟೇ ಗೊತ್ತು... ನಿಜ ಹೇಳಿಕೊಟ್ಟರೆ ವ್ಯಾಪಾರ ಬೆಳೆಸುತ್ತದೆ, ಹೊಟ್ಟೆಕಿಚ್ಚು ಹೇಳಿಕೊಟ್ಟರೆ ನಮ್ಮ ಗಿರಾಕಿಯನ್ನೇ ಓಡಿಸುತ್ತದೆ.

ನಿಮ್ಮ ಪಕ್ಕದ ಅಂಗಡಿಯವರ ಬಗ್ಗೆ ನಾಳೆ ಯಾರಾದರೂ ಕೇಳಿದರೆ... ನೀವು ಏನು ಹೇಳುತ್ತೀರಿ?